ವಿದೋಯೆವಿಚರೆಲ್ಲ ನಮ್ಮವರೇ

ಮದುವೆಯಾಗಬೇಕೆಂದಿರುವ ಹುಡುಗನ ಹೆಸರನ್ನು ನನ್ನ ಮಗಳು ನೆವೆನಾ ಹೇಳಿದಾಗ ನಾನು ಅಂಗಳದಲ್ಲಿ ಚಳಿಗಾಲಕ್ಕೆಂದು ಕೆಂಪು ಮೆಣಸಿನಕಾಯಿ ಸುಡುತ್ತಿದ್ದೆ. ಲಾಜಾರ್ ಅಂತೆ. ಚಾಚಾಕ್ ಪೇಟೆಯಲ್ಲಿ ಅವಳು ಹಲ್ಲಿನ ಸೆಟ್ಟು ಮಾಡುವ ಅಂಗಡಿಯ ಎದುರಿಗೇ ಅವನು ಕಿಟಕಿ ಬಾಗಿಲು ಕೂಡಿಸುವ ಕೆಲಸ ಮಾಡುತ್ತಾನಂತೆ. ಒಳ್ಳೆಯದು ಎಂದುಕೊಂಡು ಮನೆತನದ ಹೆಸರು ಕೇಳಿದೆ. ಅವಳು ಮೆಣಸಿನಕಾಯಿಗಳನ್ನೇ ನೋಡುತ್ತ, "ವಿದೋಯೆವಿಚ್. ನಮ್ದೇ," ಎಂದಳು.

ಹೆಸರು ಒಂದೇ ಆದರೆ ದೊಡ್ಡ ತಪ್ಪೇನಲ್ಲ. ನಾನು ಮೊದಲು ಕೇಳಿದ್ದು ಅವರ ಮನೆಸಂತ, ಮನೆತನವೆಲ್ಲ ತಲೆಮಾರುಗಳಿಂದ ನಡೆದುಕೊಳ್ಳುವ ಸಂತ, ಯಾರು ಎಂದು. ನಮ್ಮ ಕಡೆ ಯಾರಾದರೂ ಅದನ್ನೇ ಕೇಳುತ್ತಾರೆ. ಹೆಸರೂ ಒಂದೇ, ಮನೆಸಂತನೂ ಒಬ್ಬನೇ ಆದರೆ ಒಂದೇ ಬಳ್ಳಿಯವರು ಎಂದು ಅರ್ಥ. ಅಂಥವರ ನಡುವೆ ಹೆಣ್ಣು ಕೊಟ್ಟು ತರುವುದಿಲ್ಲ. ನಮ್ಮ ಮನೆಸಂತ ಲೂಕ. ಅವರದು ಸಂತ ಜಾರ್ಜ್ ಎಂದಳು. ನಾನು ಉಸಿರು ಬಿಟ್ಟೆ. ಆಗ ಅವಳು ಮೆಲ್ಲಗೆ, ಅವನು ಪೈಲ್ವಾನ ಗ್ಲಿಗೊರಿಯೆಯ ಮೊಮ್ಮಗ ಎಂದಳು.

ಆ ಸಲದ ಮೆಣಸಿನಕಾಯಿ ಸುಟ್ಟು ಕರಿಯಾದವು.

ನನ್ನ ಭಾವ ತಿಹೋಮಿರ್‌ರ ವಿಷಯ ಹೇಳದೆ ಇದು ಅರ್ಥವಾಗುವುದಿಲ್ಲ. ಅವರು ನನ್ನ ಗಂಡನ ಅಣ್ಣ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೂ ಅವರೇ ಹಿರಿಯರು. ಒಂದೇ ಅಂಗಳ, ಎರಡು ಮನೆ. ಬದುಕಿಡೀ ಬಸ್ಸು ಓಡಿಸಿದವರು, ಒಬ್ಬರ ಮನಸ್ಸು ನೋಯಿಸಿದವರಲ್ಲ. ಆದರೆ ವಿದೋಯೆವಿಚ್ ಎಂಬ ಹೆಸರು ಎಲ್ಲಿ ಕಂಡರೂ ನಮ್ಮವರು ಎನ್ನದೆ ಅವರಿಗೆ ತಡೆಯುವುದಿಲ್ಲ. ಅವರ ಮನೆಯ ದೊಡ್ಡ ಕೋಣೆಯ ಗೋಡೆಯ ಮೇಲೆ ಒಬ್ಬಳು ಒಪೇರಾ ಗಾಯಕಿ, ಒಬ್ಬ ಶಸ್ತ್ರವೈದ್ಯ, ಒಬ್ಬ ಗೋಲ್‌ಕೀಪರ್ ಇದ್ದಾರೆ, ಎಲ್ಲರೂ ಪತ್ರಿಕೆಯಿಂದ ಕತ್ತರಿಸಿದವರು. ಟೀವಿಯಲ್ಲಿ ಹವಾಮಾನ ಹೇಳುವ ಹುಡುಗಿಯೂ ಒಬ್ಬಳು ವಿದೋಯೆವಿಚ್. ಅವಳು ಬಂದರೆ ಸಾಕು, ನಮ್ಮ ಹುಡುಗಿ ಮಾತಾಡುತ್ತಿದ್ದಾಳೆ ಎಂದು ಎಲ್ಲರ ಬಾಯಿ ಮುಚ್ಚಿಸುತ್ತಾರೆ. ಒಮ್ಮೆ ಬ್ಯಾಂಕಿನ ಹಣ ನುಂಗಿದ ಒಬ್ಬ ವಿದೋಯೆವಿಚ್‌ನನ್ನು ಪೊಲೀಸರು ಹಿಡಿದರು. ಅವನೊಬ್ಬ ಮಾತ್ರ ನಮ್ಮವನಾಗಲಿಲ್ಲ.

ವಿದೋಯೆ ಎಂಬ ಹೆಸರಿನ ಗಂಡಸರು ಈ ನಾಡಿನಲ್ಲಿ ಎಷ್ಟು ಊರುಗಳಲ್ಲಿ ಇದ್ದರೋ ಯಾರಿಗೆ ಗೊತ್ತು. ಅವರವರ ಮಕ್ಕಳು ಅಲ್ಲಲ್ಲೇ ವಿದೋಯೆವಿಚ್ ಆದರು. ಭಾವನ ಲೆಕ್ಕದಲ್ಲಿ ಮಾತ್ರ ವಿದೋಯೆ ಎಂಬವನು ಒಬ್ಬನೇ, ಅವನು ನಮ್ಮ ಊರಿನವನು.

ಗೋಡೆಯ ನಡುಮಧ್ಯೆ, ಚೌಕಟ್ಟು ಹಾಕಿಸಿ ಇಟ್ಟಿದ್ದು ಪೈಲ್ವಾನ ಗ್ಲಿಗೊರಿಯೆಯ ಚಿತ್ರ. ಹಳೆಯ ಕಾಲದಲ್ಲಿ ಇಡೀ ದೇಶಕ್ಕೆ ಕುಸ್ತಿಯಲ್ಲಿ ಹೆಸರಾದವನು. ಉಳಿದವರ ಬಗ್ಗೆ ಭಾವ ಸುಮ್ಮನೆ ನಮ್ಮವರು ಎನ್ನುತ್ತಿದ್ದರು. ಪೈಲ್ವಾನನಿಗೆ ಮಾತ್ರ ಕಥೆಯಿತ್ತು. ಭಾವನ ಅಜ್ಜ ಮಿಲಿಸಾವ್‌ಗೆ ವುಕಾಶಿನ್ ಎಂಬ ತಮ್ಮನಿದ್ದನಂತೆ. ಮೊರಾವಾ ಹೊಳೆಯ ಆಚೆ ಮನೆಅಳಿಯನಾಗಿ ಹೋದನಂತೆ. ಮನೆಅಳಿಯನಾದವನು ಹೆಂಡತಿಯ ಮನೆಯ ಸಂತನಿಗೇ ನಡೆದುಕೊಳ್ಳಬೇಕಲ್ಲ, ಹಾಗಾಗಿ ಅವರದು ಸಂತ ಜಾರ್ಜ್ ಆಯಿತು. ಆ ವುಕಾಶಿನ್‌ನ ಮಗನೇ ಪೈಲ್ವಾನ. ಪ್ರತಿ ವರ್ಷ ಮನೆಸಂತನ ಹಬ್ಬದ ದಿನ, ಎರಡನೆಯ ಲೋಟ ರಾಕಿಯಾ ಸಾರಾಯಿ ಇಳಿದ ಮೇಲೆ, ಈ ಕಥೆ ಬರುತ್ತಿತ್ತು. ನಾನು ಸೊಸೆಯಾಗಿ ಬಂದಾಗಿನಿಂದ ಕೇಳಿದ್ದೇನೆ. ಸುಳ್ಳಿರಬಹುದು ಎಂದು ಯಾರಿಗೂ ಅನ್ನಿಸಿರಲಿಲ್ಲ. ಅನ್ನಿಸಿದ್ದರೂ ಅದರಿಂದ ಯಾರಿಗೆ ನಷ್ಟವಿತ್ತು?

ಈಗಿತ್ತು. ಕಥೆ ನಿಜವಾದರೆ ನೆವೆನಾಳ ಮುತ್ತಜ್ಜನೂ ಲಾಜಾರ್‌ನ ಮುತ್ತಜ್ಜನೂ ಒಡಹುಟ್ಟಿದವರು. ಈ ಮಕ್ಕಳಿಬ್ಬರೂ ದಾಯಾದಿಗಳು.

ಸುದ್ದಿ ಕೇಳಿ ಭಾವ ಮೊದಲು ಕುಣಿದಾಡಿಬಿಟ್ಟರು. ಪೈಲ್ವಾನನ ಮೊಮ್ಮಗ ನಮ್ಮ ಮನೆಗೆ ಬರುತ್ತಾನೆ ಎಂದು ನೆವೆನಾಳ ಹಣೆಗೆ ಮುತ್ತಿಟ್ಟರು. ಅಕ್ಕ ಸ್ತಾನಿಯಾ, ಅವರ ಹೆಂಡತಿ, ಉಣ್ಣೆ ಹೆಣೆಯುತ್ತ ಕೂತಿದ್ದಳು. ಸೂಜಿಯಿಂದ ಕಣ್ಣು ಎತ್ತದೆ ಹೇಳಿದಳು: "ಹಾಗಾದ್ರೆ ಅಣ್ಣ ತಂಗಿಗೆ ಮದುವೆ ಮಾಡಿಸ್ತೀರಾ?"

ಭಾವನ ಮುಖ ನೋಡಲಾಗಲಿಲ್ಲ. ಇಲ್ಲ, ಇದು ಆಗುವ ಮಾತಲ್ಲ ಎಂದು ಎದ್ದು ಕೊಟ್ಟಿಗೆಗೆ ಹೋದರು.

ನೆವೆನಾ ಅಳಲಿಲ್ಲ. ನಗರಸಭೆಯಲ್ಲಿ ಸಹಿ ಹಾಕಿದರೆ ಆಯಿತು, ಅಲ್ಲಿ ಯಾರ ಅಜ್ಜ ಯಾರೆಂದು ಕೇಳುವುದಿಲ್ಲ ಎಂದಳು. ಆದರೆ ನನ್ನ ಒಪ್ಪಿಗೆಯಿಲ್ಲದೆ ಆ ಬಾಗಿಲಿಗೂ ಹೋಗುವುದಿಲ್ಲ ಎಂದಳು. ಹಾಗೆನ್ನದೆ ಜಗಳ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಈಗ ಎಲ್ಲ ನನ್ನ ಮೇಲೆ ಬಿತ್ತು. ಒಪ್ಪಿದರೆ ಪಾಪಕ್ಕೆ ಕೈ ಜೋಡಿಸಿದಂತೆ, ಒಪ್ಪದಿದ್ದರೆ ಒಂದು ಕಥೆಗಾಗಿ ಮಗಳ ಬದುಕು ಕೆಡಿಸಿದಂತೆ. ಎರಡರಲ್ಲಿ ಯಾವುದು ತಪ್ಪು ಎಂದು ತಿಳಿಯದೆ, ನಾನು ಕೆಲಸಕ್ಕೆ ಹೋಗುವ ರಾಸ್ಪ್‌ಬೆರಿ ಕೋಲ್ಡ್ ಸ್ಟೋರೇಜಿನಲ್ಲಿ ಹಣ್ಣು ಆರಿಸುವಾಗ ಒಳ್ಳೆಯದನ್ನು ಎಸೆದು ಕೊಳೆತದ್ದನ್ನು ಇಟ್ಟುಕೊಳ್ಳುತ್ತಿದ್ದೆ.

ಪಾದ್ರಿ ಸಾವಾರ ಬಳಿಗೆ ಹೋದೆ. ಹಳೆಯ ದಾಖಲೆಗಳೆಲ್ಲ ಯುದ್ಧದಲ್ಲಿ ಇಗರ್ಜಿಯ ಜೊತೆಗೇ ಸುಟ್ಟುಹೋಗಿವೆ, ಮನೆಯ ಹಿರಿಯರ ಮಾತನ್ನೇ ನಂಬಬೇಕು ಎಂದರು ಅವರು. ನೆಂಟರು ಎಂದು ತಿಹೋಮಿರ್ ಹೇಳಿದರೆ ಇವರ ತಲೆಯ ಮೇಲೆ ಮದುವೆಯ ಕಿರೀಟ ಇಡಲಾರೆ. ಅಲ್ಲ ಎಂದು ಹೇಳಿದರೆ ಇಡುತ್ತೇನೆ ಎಂದರು. ಮತ್ತೆ ಸ್ವಲ್ಪ ಯೋಚಿಸಿ, "ಆದ್ರೆ ಅಮ್ಮಾ, ಅವ್ರ ಕೈಲಿ ಸುಳ್ಳು ಹೇಳಿಸ್ಬೇಡಿ," ಎಂದರು.

ನನ್ನ ಭಯವೂ ಅದೇ ಆಗಿತ್ತು. ಭಾವ ಮೃದು ಮನಸ್ಸಿನವರು. ನಾಳೆ ನೆವೆನಾಳ ಮುಖ ನೋಡಿ ಕರಗಿ, ನೆಂಟರಲ್ಲ ಎಂದುಬಿಟ್ಟರೆ ಅದನ್ನು ನಾನು ಹೇಗೆ ನಂಬಲಿ? ಒಂದು ಸಂಜೆ ಧೈರ್ಯ ಮಾಡಿ, ವುಕಾಶಿನ್‌ನ ವಿಷಯ ನಿಮಗೆ ಹೇಳಿದ್ದು ಯಾರು ಎಂದು ಕೇಳಿದೆ. ಅವರು ಪ್ಲಮ್ ಮರದ ಒಣಗಿದ ಕೊಂಬೆ ಕಡಿಯುತ್ತಿದ್ದರು. ಅಪ್ಪ ಹೇಳಿದ್ದರು ಎಂದರು. ಅಪ್ಪನಿಗೆ ಯಾರು ಹೇಳಿದ್ದು ಎಂದೆ. "ಏನಮ್ಮಾ, ಪೊಲೀಸ್ ಆಗ್ಬಿಟ್ಯಾ?" ಎಂದು ನಗಲು ನೋಡಿದರು. ನಗು ಬರಲಿಲ್ಲ. ನಾನೂ ಕೇಳುವುದನ್ನು ಅಲ್ಲಿಗೇ ಬಿಟ್ಟೆ. ಹಿರಿಯರನ್ನು ಸುಳ್ಳುಗಾರ ಎಂದು ಕರೆದು ಒಂದೇ ಅಂಗಳದಲ್ಲಿ ಬಾಳುವುದು ಹೇಗೆ?

ಅಕ್ಟೋಬರ್ ಕೊನೆಯಲ್ಲಿ ಸಂತ ಲೂಕನ ಹಬ್ಬ ಬಂತು. ಮನೆಸಂತನ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಬರುವವರು ಬರುತ್ತಾರೆ, ಬಂದವರನ್ನು ತಿರುಗಿ ಕಳಿಸುವುದೂ ಇಲ್ಲ. ಲಾಜಾರ್‌ನ ಮನೆಯವರು ಬರಲಿ ಎಂದು ಒಮ್ಮೆ ಅನ್ನಿಸಿದರೆ, ದೇವರೇ ಬಾರದಿರಲಿ ಎಂದು ಮತ್ತೊಮ್ಮೆ ಅನ್ನಿಸುತ್ತಿತ್ತು. ಬೆಳಿಗ್ಗೆ ಪಾದ್ರಿ ಬಂದು ಹಬ್ಬದ ರೊಟ್ಟಿ ಕತ್ತರಿಸಿ ಅದರ ಮೇಲೆ ವೈನ್ ಸುರಿದು ಹೋದರು. ಮಧ್ಯಾಹ್ನದ ಹೊತ್ತಿಗೆ ನೆರೆಹೊರೆಯವರು ತುಂಬಿಕೊಂಡರು. ಭಾವ ಆ ದಿನ ಕೂರುವಂತಿಲ್ಲ. ಮನೆಯ ಯಜಮಾನ ನಿಂತೇ ಎಲ್ಲರಿಗೂ ಬಡಿಸಬೇಕು. ರಾಕಿಯಾ ಸುರಿಯುತ್ತ ಓಡಾಡುತ್ತಿದ್ದರು. ಎರಡನೆಯ ಲೋಟ ಕಳೆದು ಮೂರನೆಯದಾದರೂ ಪೈಲ್ವಾನನ ಕಥೆ ಬರಲಿಲ್ಲ.

ಎಲೆಕೋಸಿನ ಸುರುಳಿಗಳನ್ನು ನಾನು ಮೇಜಿಗೆ ತರುವಾಗ ಬಾಗಿಲಲ್ಲಿ ಒಬ್ಬ ಎತ್ತರದ ಹುಡುಗ ಕಾಣಿಸಿದ. ಅವನ ತೋಳು ಹಿಡಿದು ಕಪ್ಪು ಉಡುಪಿನ ಒಬ್ಬ ಮುದುಕಿ ನಿಂತಿದ್ದಳು. ಹಬ್ಬ ಒಳ್ಳೆಯದಾಗಲಿ ಎಂದು ಹಾರೈಸಿ, ತಾನು ಕೊಸಾರಾ, ಗ್ಲಿಗೊರಿಯೆಯ ಹೆಂಡತಿ ಎಂದಳು. ಕೂತವರೆಲ್ಲ ಎದ್ದರು. ನೆವೆನಾ ನನ್ನ ಕೈಯಲ್ಲಿದ್ದ ಪಾತ್ರೆ ತೆಗೆದುಕೊಂಡಳು.

ಪದ್ಧತಿಯಂತೆ ಅವರಿಗೆ ಬೇಯಿಸಿದ ಸಿಹಿ ಗೋಧಿ ಕೊಟ್ಟೆವು. ಮುದುಕಿ ಒಂದು ಚಮಚ ತಿಂದು, ಶಿಲುಬೆ ಗುರುತು ಮಾಡಿ, ಆಮೇಲೆ ಗೋಡೆ ನೋಡಿದಳು. ತನ್ನ ಗಂಡನ ಮುಂದೆ ಹೋಗಿ ನಿಂತಳು.

ನೆರೆಮನೆಯ ರಾಯ್ಕೋಗೆ ಕುಡಿದರೆ ನಾಲಿಗೆ ನಿಲ್ಲುವುದಿಲ್ಲ. "ತಿಹೋಮಿರ್, ಏನಪ್ಪಾ ಇವತ್ತು ಬಾಯಿಗೆ ಬೀಗ? ಆ ಮನೆಅಳಿಯನ ಕಥೆ ಹೇಳು, ಅಜ್ಜಿನೂ ಕೇಳ್ಲಿ," ಎಂದ. ಒಬ್ಬಿಬ್ಬರು ನಕ್ಕರು.

ಮುದುಕಿ ಭಾವನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ನಮ್ಮನೆಯವ್ರು ನಿಮಗೇನಾಗ್ಬೇಕಪ್ಪಾ?"

ಭಾವ ಶೀಶೆ ಹಿಡಿದು ನಿಂತಿದ್ದರು. ಇಡಲು ಜಾಗ ಹುಡುಕಿದರು, ಮೇಜಿನ ಮೇಲೆ ಜಾಗವಿರಲಿಲ್ಲ, ಕೊನೆಗೆ ಹಿಡಿದುಕೊಂಡೇ ಹೇಳಿದರು: "ಏನೂ ಆಗ್ಬೇಕಿಲ್ಲ, ಅಮ್ಮಾ. ನಾನು ಕಟ್ಟಿದ್ದು."

ಆಮೇಲೆ ಬಿಟ್ಟು ಬಿಟ್ಟು ಹೇಳಿದರು. ಚಿಕ್ಕಂದಿನಲ್ಲಿ ಅಪ್ಪ ಅವರನ್ನು ಉಝಿತ್ಸೆ ಪೇಟೆಗೆ ಕುಸ್ತಿ ನೋಡಲು ಕರೆದೊಯ್ದಿದ್ದರಂತೆ. ಗೆದ್ದ ಪೈಲ್ವಾನ ಹೊರಗೆ ಬಂದಾಗ ಇವರು ಗುಂಪಿನಲ್ಲಿ ನುಗ್ಗಿ ಎದುರಿಗೆ ನಿಂತರಂತೆ. ಅವನು ಯಾರ ಮಗನೋ ನೀನು ಎಂದು ಕೇಳಿ, ವಿದೋಯೆವಿಚರ ಮಗ ಎಂದು ತಿಳಿದ ಕೂಡಲೇ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು, ಹಾಗಾದರೆ ನಾವಿಬ್ಬರೂ ಒಂದೇ ಮನೆ ಎಂದನಂತೆ. ಶಾಲೆಯಲ್ಲಿ ಅದನ್ನು ಹೇಳಿದಾಗ ಹುಡುಗರು ನಂಬಲಿಲ್ಲ. ನೆಂಟಸ್ತಿಕೆ ಹೇಗೆ ಹೇಳು ಎಂದರು. ಆಗ ವುಕಾಶಿನ್ ಹುಟ್ಟಿದ. ಮಿಲಿಸಾವ್ ಅಜ್ಜನಿಗೆ ತಮ್ಮನೇ ಇರಲಿಲ್ಲ.

"ಇಷ್ಟು ವರ್ಷ ಹೇಳಿ ಹೇಳಿ ನನಗೇ ನಿಜ ಅನ್ನಿಸ್ಬಿಟ್ಟಿತ್ತು," ಎಂದರು. ಯಾರೂ ನಗಲಿಲ್ಲ. ರಾಯ್ಕೋ ತನ್ನ ಲೋಟದೊಳಗೆ ನೋಡುತ್ತ ಕೂತ. ಸ್ತಾನಿಯಾ ಬಂದು ಗಂಡನ ಕೈಯಿಂದ ಶೀಶೆ ತೆಗೆದುಕೊಂಡಳು.

ನಾನು ಆಗಲೇ ಸಂತೋಷಪಡಬೇಕಿತ್ತು. ನೆವೆನಾ ನನ್ನನ್ನೇ ನೋಡುತ್ತಿದ್ದಳು. ಆದರೆ ನನ್ನ ಮನಸ್ಸು ಅಲ್ಲೂ ನಿಲ್ಲಲಿಲ್ಲ. ಇವರು ಹುಡುಗಿಯ ಮೇಲಿನ ಕರುಣೆಯಿಂದ, ಇಷ್ಟು ಜನರ ಮುಂದೆ ಮಾನ ಕಳೆದುಕೊಂಡಾದರೂ ಸರಿ ಎಂದು, ಈಗ ಸುಳ್ಳು ಹೇಳುತ್ತಿದ್ದರೆ? ಕಾಫಿ ಮಾಡುವ ನೆಪದಲ್ಲಿ ಕೊಸಾರಾಳನ್ನು ಅಡುಗೆಮನೆಗೆ ಕರೆದೆ. ಬಾಗಿಲು ಮುಚ್ಚಿ ಕೇಳಿದೆ, ನಿಮ್ಮ ಮಾವನವರು ಎಲ್ಲಿಯವರು, ನಿಜ ಹೇಳಿ, ಮೊಮ್ಮಗನಿಗಾಗಿ ಅಲ್ಲ, ದೇವರಿಗಾಗಿ ಹೇಳಿ ಎಂದು.

ಅವಳು ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಹೇಳಿದಳು. ಮಾವ ಮೊದಲನೆಯ ಮಹಾಯುದ್ಧದಲ್ಲಿ ದ್ರಿನಾ ಹೊಳೆಯ ಆಚೆಯಿಂದ ಓಡಿ ಬಂದ ಜನರ ಜೊತೆ ಬಂದ ಅನಾಥ ಕೂಸಂತೆ. ಮಾತು ಸರಿಯಾಗಿ ಬರುತ್ತಿರಲಿಲ್ಲ. ಯಾರ ಮಗನಪ್ಪಾ ನೀನು ಎಂದು ಸೈನಿಕರು ಕೇಳಿದರೆ ವಿದೋಯೆಯ ಮಗ ಎಂದಷ್ಟೇ ಹೇಳಿದನಂತೆ. ಅಪ್ಪನ ಹೆಸರು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಹಾಗೆ ವಿದೋಯೆವಿಚ್ ಆದ. ಸಾಕಿದ ಮನೆಯವರು ಸಂತ ಜಾರ್ಜ್‌ಗೆ ನಡೆದುಕೊಳ್ಳುತ್ತಿದ್ದರು, ಅವನೂ ನಡೆದುಕೊಂಡ. ಅವನಿಗಿಂತ ಮೊದಲು ಆ ಮನೆಯಲ್ಲಿ ಆ ಹೆಸರಿನವರೇ ಇರಲಿಲ್ಲ.

"ನಮ್ಮನೆಯವ್ರು ಎಲ್ಲಿ ಹೋದ್ರೂ ಆ ಹೆಸರಿನೋರನ್ನ ಹುಡ್ಕೋರು," ಎಂದಳು. "ಚಿಕ್ಕ ಮಕ್ಕಳು ಸಿಕ್ಕಿದ್ರೆ ಎತ್ತಿ ಹೆಗಲ ಮೇಲೆ ಕೂರಿಸ್ಕೊಳ್ಳೋರು. ಒಂದೇ ಮನೆ ಅನ್ನೋರು. ಬಳಗ ಅಂತ ಒಬ್ರೂ ಇರ್ಲಿಲ್ವಲ್ಲ."

ದ್ರಿನಾ ಹೊಳೆಯ ಆಚೆ ಎಂದರೆ ಎಷ್ಟು ದೂರ ಎಂದು ಕೇಳಿದೆ. ನಮ್ಮ ಕಡೆಯಿಂದ ಯಾರಾದರೂ ಅಲ್ಲಿಗೆ ಹೋಗಿ ನೆಲೆಸಿದ್ದರೆ ಎಂದೂ ಕೇಳಿದೆ. ಮುದುಕಿ ಈಗ ನಕ್ಕಳು.

"ತಾಯಿ, ಅಷ್ಟು ಹಿಂದಕ್ಕೆ ಹೋದ್ರೆ ನಿಮ್ಮ ಪಾದ್ರೀನೂ ನಾನೂ ನೆಂಟರೇ. ಮದುವೆ ಆಗೋರು ಯಾರು ಹೇಳು ಮತ್ತೆ?"

ಕಾಫಿ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ನಾನು ಒರೆಸಿದೆ. ಒರೆಸುತ್ತ ಒರೆಸುತ್ತ, ಎದೆಯ ಮೇಲಿನ ಭಾರ ಇಳಿದಿದೆ ಎಂದು ಗೊತ್ತಾಯಿತು. ಎಲ್ಲಿ ಇಳಿಯಿತೆಂದು ಮಾತ್ರ ಗೊತ್ತಾಗಲಿಲ್ಲ.

ಹೊರಗೆ ಬಂದಾಗ ಭಾವ ಕೂತಿದ್ದರು. ಹಬ್ಬದ ದಿನ ಅವರು ಕೂತಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಲಾಜಾರ್ ಅವರ ಬದಲು ರಾಕಿಯಾ ಸುರಿಯುತ್ತಿದ್ದ, ಯಾರೂ ಹೇಳದೆಯೇ. ಕೊಸಾರಾ ನೇರವಾಗಿ ಭಾವನ ಪಕ್ಕಕ್ಕೆ ಹೋಗಿ ಕುರ್ಚಿ ಎಳೆದು ಕೂತು, ಉಝಿತ್ಸೆಯ ಆ ಕುಸ್ತಿಯಲ್ಲಿ ಎದುರಾಳಿ ಯಾರಿದ್ದ, ತನಗೆ ಮರೆತುಹೋಗಿದೆ ಎಂದು ಕೇಳಿದಳು. ಭಾವನಿಗೆ ನೆನಪಿತ್ತು. ಮೊದಲು ಮೆಲ್ಲಗೆ ಹೇಳತೊಡಗಿದರು, ಆಮೇಲೆ ಕೈಯೂ ಎದ್ದಿತು.

ನಾನು ನೆವೆನಾಳನ್ನು ಅಂಗಳಕ್ಕೆ ಕರೆದೆ. ಏನೇನೋ ಹೇಳಬೇಕೆಂದು ಒಳಗೇ ಜೋಡಿಸಿಕೊಂಡಿದ್ದೆ, ಒಂದೂ ಬರಲಿಲ್ಲ. "ಕ್ರಿಸ್‌ಮಸ್ ಉಪವಾಸ ಶುರುವಾಗೋದ್ರೊಳಗೆ ಆಗ್ಬೇಕು," ಎಂದೆ. "ಇಲ್ಲಾಂದ್ರೆ ಉಪವಾಸ ಮುಗಿದು ಮದುವೆಗೆ ಜನವರಿ ದಾಟತ್ತೆ. ನಾಳೇನೇ ಪಾದ್ರಿಗಳ ಹತ್ರ ಹೋಗಿ ಬರ್ತೀನಿ. ಅಷ್ಟು ಬೇಗ ಹಾಲ್ ಸಿಗತ್ತೋ ಇಲ್ವೋ. ಬಟ್ಟೆ ಹೊಲಿಸ್ಬೇಕು. ಕೊಸಾರಮ್ಮ ಉಪ್ಪು ಕಡಿಮೆ ತಿಂತಾರೇನೋ, ಕೇಳ್ಬೇಕಿತ್ತು..."

ನೆವೆನಾ ನನ್ನ ಕೊರಳಿಗೆ ಬಿದ್ದಳು. ಒಳಗೆ ಯಾರೋ ಇನ್ನಷ್ಟು ರೊಟ್ಟಿ ಬೇಕೆಂದು ಕೂಗುತ್ತಿದ್ದರು. ಲಾಜಾರ್ ಬಾಗಿಲಿಗೆ ಬಂದು, ರೊಟ್ಟಿ ಎಲ್ಲಿಟ್ಟಿದ್ದೀರಿ ಎಂದು ನನ್ನನ್ನು ಕೇಳಿದ. ಅವನಿಗೆ ತೋರಿಸಿದೆ.