ಹಣೆಗೆ ತಾಗದ ಚೆಂಡು

“ಯಾರಾದ್ರೂ ಒಬ್ಬರು ನಿನ್ನ ಹೆಸರು ಎತ್ತಲಿ ಹಿದ್ದೂ, ಆ ದಿನ ನಾನೇ ಎದ್ದು ನಿಂತು ಹೇಳ್ತೀನಿ,” ಅಂತ ಕರಿಬಸವರಾಜ ಮಾತು ಕೊಟ್ಟದ್ದು ಐವತ್ತೊಂದನೇ ಇಸವಿಯ ಜನವರಿಯಲ್ಲಿ, ಹರಿಹರದ ಹೊಳೆ ಸೇತುವೆಯ ಕಟ್ಟೆಗೆ ಒರಗಿಕೊಂಡು. ಅವನ ಕಂಕುಳಲ್ಲಿ ಟವೆಲ್ಲಿನಲ್ಲಿ ಸುತ್ತಿದ ಬೆಳ್ಳಿಯ ಕಪ್ ಇತ್ತು. ಹಿದಾಯತ್ ಬರಿಗಾಲು ಇಳಿಬಿಟ್ಟು ಕಟ್ಟೆಯ ಮೇಲೆ ಕೂತಿದ್ದ. ಬಿಡೋ ಬಸ್ಯಾ, ಯಾರು ಎತ್ತುತಾರೆ ಅಂತ ನಕ್ಕಿದ್ದ.

ಆವತ್ತು ಮಧ್ಯಾಹ್ನ ದಾವಣಗೆರೆಯಲ್ಲಿ ಕಾಲೇಜು ತಂಡಗಳ ಫುಟ್ಬಾಲ್ ಫೈನಲ್ ನಡೆದಿತ್ತು. ಇಬ್ಬರೂ ಒಂದೇ ತಂಡ. ಅರ್ಧ ಆಟಕ್ಕೆ ಬಿಟ್ಟಾಗ ಕರಿಬಸವರಾಜ ಮುಖ ತೊಳೆದು, ಅವ್ವ ಕಟ್ಟಿಕೊಟ್ಟಿದ್ದ ಈಬತ್ತಿಯನ್ನು ಹಣೆಗೆ ಮೂರು ಗೆರೆ ಎಳೆದುಕೊಂಡು ಬಂದ. ಮತ್ತೆ ಆಟ ಶುರುವಾಗಿ ಎರಡು ನಿಮಿಷ ಆಗಿರಲಿಲ್ಲ, ಇವರಿಗೊಂದು ಕಾರ್ನರ್ ಸಿಕ್ಕಿತು. ಬೂಟಿಲ್ಲದ ಹಿದಾಯತ್ ಮೂಲೆಯಿಂದ ಒದ್ದ ಚೆಂಡು ಗಾಳಿಯಲ್ಲೇ ಕುಡುಗೋಲಿನ ಹಾಗೆ ಬಾಗಿ ಬಂತು. ಗೋಲಿನ ಮುಂದೆ ಕರಿಬಸವರಾಜ ಎಗರಿದ. ಚೆಂಡು ಅವನ ಹಣೆಯ ಮೇಲೆ ಗೇಣಿನಷ್ಟು ಎತ್ತರದಲ್ಲಿ ಹಾದು ಬಲೆ ಸೇರಿತು. ಕಾರ್ನರ್ ಹೊಡೆತ ಯಾರಿಗೂ ತಾಗದೆ ಗೋಲಾಗುತ್ತದೆ ಅಂದರೆ ಮೈದಾನದಲ್ಲಿದ್ದ ಒಬ್ಬರೂ ನಂಬುವ ಕಾಲ ಅದಲ್ಲ, ಅದೂ ಬರಿಗಾಲಿನವನ ಹೊಡೆತ. ಎಗರಿದವನ ತಲೆಯೇ ಅಂತ ಜನ ತೀರ್ಮಾನ ಮಾಡಿ ಅವನನ್ನು ಹೆಗಲ ಮೇಲೆ ಹೊತ್ತರು. ರೆಫ್ರಿ ಅವನ ಹೆಸರು ಬರೆದುಕೊಂಡರು. ಗುಂಪಿನ ನಡುವೆ ಹಿದಾಯತ್ ಓಡಿಬಂದು, ತುದಿಗಾಲಲ್ಲಿ ನಿಂತು ಅವನ ಹಣೆ ನೋಡಿದ. “ಈಬತ್ತಿ ಹಂಗೇ ಐತಲ್ಲೋ,” ಅಂದ. ಕೆಂಪು ಧೂಳು ಮೆತ್ತಿದ ತೊಗಲಿನ ಚೆಂಡು ತಾಗಿದ್ದರೆ ಮೂರು ಗೆರೆಯಲ್ಲಿ ಒಂದಾದರೂ ಅಳಿಸಬೇಕಿತ್ತು.

ಅದೊಂದೇ ಗೋಲು. ಅದಕ್ಕೇ ವರ್ಷದ ಅತ್ಯುತ್ತಮ ಆಟಗಾರನ ಕಪ್. ಹೇಳಬೇಕು ಅಂತ ಕರಿಬಸವರಾಜ ಬಾಯಿ ತೆರೆಯುವಷ್ಟರಲ್ಲಿ ಕಪ್ ಕೊಡುವ ಅರಳೆ ಸಾಹುಕಾರರು ಅವನ ಅಪ್ಪನ ಕೈ ಹಿಡಿದು ಕುಲುಕುತ್ತಿದ್ದರು. ಅಪ್ಪ ಅರಳೆ ಪೇಟೆಯಲ್ಲಿ ಮೂಟೆ ಹೊರುವವನು. ಸಾಹುಕಾರರೊಬ್ಬರು ಅವನ ಕೈ ಮುಟ್ಟಿದ್ದು ಅದೇ ಮೊದಲು. ಅಪ್ಪ ಅಳುತ್ತಿದ್ದ. ಕರಿಬಸವರಾಜನ ಬಾಯಿ ಹಾಗೇ ಮುಚ್ಚಿಕೊಂಡಿತು.

ಕಪ್ ಗೆದ್ದ ಹುಡುಗ ಅಂತ ಹತ್ತಿ ಗಿರಣಿಯವರು ಕರೆದು ಕೆಲಸ ಕೊಟ್ಟರು. ಐದಾರು ವರ್ಷ ಗಿರಣಿಯ ತಂಡಕ್ಕೆ ಆಡಿದ. ಮೊಣಕಾಲು ಕೈಕೊಟ್ಟ ಮೇಲೆ ಗೇಟಿನ ಬಳಿಯ ಕಿಟಕಿಗೆ ಕೂರಿಸಿದರು. ತಡವಾಗಿ ಬಂದವರ ಹೆಸರಿಗೆ ಗೆರೆ ಎಳೆಯುವುದು ಅವನ ಕೆಲಸ. ಗೆರೆ ಎಳೆಯುವವನ ಜೊತೆ ಯಾರು ಮಾತಾಡುತ್ತಾರೆ? ಎಂಟುನೂರು ಜನ ದಿನಾ ಅವನ ಮುಂದೆ ಹಾದು ಹೋಗುತ್ತಿದ್ದರು, ಒಬ್ಬರೂ ನಿಲ್ಲುತ್ತಿರಲಿಲ್ಲ.

ಹಿದಾಯತ್ ಆ ವರ್ಷವೇ ಕಾಲೇಜು ಬಿಟ್ಟು, ಹರಿಹರದ ಬಸ್ ನಿಲ್ಲುವ ಜಾಗದ ಎದುರು ಅಪ್ಪನ ಸೈಕಲ್ ಅಂಗಡಿಯಲ್ಲಿ ಕೂತ. ಕರಿಬಸವರಾಜ ವರ್ಷಕ್ಕೆ ಎರಡು ಸಲ ಅಲ್ಲಿಗೆ ಹೋಗಿ ಬರುತ್ತಿದ್ದ. ಹೋದಾಗಲೆಲ್ಲ ಹಿದಾಯತ್ ಚಹಾ ತರಿಸಿ, ಕಣ್ಣು ಕಿರಿದು ಮಾಡಿ ಕೇಳುತ್ತಿದ್ದ: “ಏನೋ ಬಸ್ಯಾ, ಎತ್ತಿದ್ರಾ ನನ್ನ ಹೆಸರ?” ಇಲ್ಲ ಅಂತ ಇವನು ತಲೆಯಾಡಿಸುತ್ತಿದ್ದ. ಇಬ್ಬರೂ ನಗುತ್ತಿದ್ದರು. ಅದು ಸುಳ್ಳೂ ಆಗಿರಲಿಲ್ಲ.

ಅರವತ್ತೈದನೇ ಇಸವಿಯ ಹೊತ್ತಿಗೆ ಕರಿಬಸವರಾಜನ ಹೆಂಡತಿ ರಂಗವ್ವ ವಿಷಮಶೀತ ಜ್ವರದಲ್ಲಿ ತೀರಿಕೊಂಡು ಮೂರು ವರ್ಷವಾಗಿತ್ತು. ನೆಂಟರು ಒಂದು ತಿಂಗಳು ಬಂದುಹೋಗಿ ಮಾಡಿದರು, ಆಮೇಲೆ ಅವರವರ ಪಾಡು ಅವರಿಗೆ. ಕೆ.ಬಿ. ಬಡಾವಣೆಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅವನು, ಒಂಬತ್ತು ವರ್ಷದ ಮಗಳು ಕೊಟ್ರವ್ವ. ಐದಕ್ಕೆ ಎದ್ದು ರೊಟ್ಟಿ ತಟ್ಟುವುದು, ಮಗಳ ಜಡೆ ಹೆಣೆಯುವುದು, ಗಿರಣಿಗೆ ಓಡುವುದು. ಜಡೆ ಯಾವತ್ತೂ ಒಂದು ಕಡೆಗೆ ವಾಲುತ್ತಿತ್ತು. ಬೆಳ್ಳಿಯ ಕಪ್ಪಿನಲ್ಲಿ ಮಗಳು ಬಾಚಣಿಗೆ, ರಿಬ್ಬನ್ನು ಇಟ್ಟುಕೊಂಡಿದ್ದಳು.

ವಾರಕ್ಕೊಂದು ಸಲ ಮನುಷ್ಯರ ಜೊತೆ ಕೂತು ಮಾತಾಡುವುದು ಅಂತ ಅವನಿಗೆ ಇದ್ದದ್ದು ಭಾನುವಾರದ ಬೆಳಗ್ಗೆ ಮಾತ್ರ. ಮಗಳನ್ನು ಪಕ್ಕದ ಮನೆಯ ಕಮಲಕ್ಕನ ಹತ್ತಿರ ಹೊಲಿಗೆ ಕಲಿಯಲು ಬಿಟ್ಟು ಪಿ.ಜೆ. ಬಡಾವಣೆಯ ಒಂದು ಹೋಟೆಲಿಗೆ ಹೋಗುತ್ತಿದ್ದ. ಎಂಟು ವರ್ಷದಿಂದ ಅಲ್ಲಿ ಒಳಗಿನ ಮೂಲೆಯ ಮೇಜಿನಲ್ಲಿ ವಕೀಲರ ಗುಮಾಸ್ತ ಮಲ್ಲೇಶಪ್ಪ, ಜವಳಿ ಅಂಗಡಿಯ ಖುದ್ದೂಸ್ ಕೂತಿರುತ್ತಿದ್ದರು. ಇಬ್ಬರಿಗೂ ಕಾಲೇಜು ಫುಟ್ಬಾಲಿನ ಹುಚ್ಚು. ಒಂದು ವಾರ ಒಂದು ವರ್ಷ ಅಂತ ಹಿಡಿದು, ಆ ವರ್ಷ ಕಪ್ ನಿಜಕ್ಕೂ ಯಾರಿಗೆ ಸಲ್ಲಬೇಕಿತ್ತು, ಯಾರಿಗೆ ಮೋಸವಾಯಿತು ಅಂತ ವಾದ ಮಾಡುವುದು ಅವರ ಪದ್ಧತಿ. ಮಲ್ಲೇಶಪ್ಪ ಕೋರ್ಟಿನಲ್ಲಿ ನಿಂತವನ ಹಾಗೆ ಎದ್ದೇ ಮಾತಾಡುತ್ತಿದ್ದ. ಶಿವಮೊಗ್ಗದ ಕಡೆಯ ಒಬ್ಬ ಗೋಲಿ, ಬೆರಳು ಮುರಿದ ಕೈಗೆ ಕರವಸ್ತ್ರ ಸುತ್ತಿಕೊಂಡು ಅರ್ಧ ಆಟ ಗೋಲು ಕಾದವನು, ತಂಡ ಸೋತಿತು ಅನ್ನುವ ಒಂದೇ ಕಾರಣಕ್ಕೆ ಕಪ್ ತಪ್ಪಿಸಿಕೊಂಡ ಅನ್ನುವುದು ಅವನ ಖಾಯಂ ದಾವೆ. ಸೋತವನಿಗೆ ಕೊಡಬಾರದು ಅಂತ ಎಲ್ಲಿ ಬರೆದೈತೆ ತೋರ್ಸು ಅಂತ ಖುದ್ದೂಸನ ಮುಂದೆ ಖಾಲಿ ತಟ್ಟೆ ತಳ್ಳುತ್ತಿದ್ದ. ಖುದ್ದೂಸ್ ಮಂಡಕ್ಕಿ ಮೆಲ್ಲುತ್ತ, ನಿನ್ನ ಗೋಲಿ ಬೆರಳು ಮುರಿದಿದ್ದು ಆಟದಾಗಲ್ಲ, ಹಿಂದಿನ ದಿನ ಎತ್ತಿನ ಗಾಡಿ ಹತ್ತುವಾಗ ಅಂತ ಕೆಣಕುತ್ತಿದ್ದ. ಚೆಂಡು ಕೊಟ್ಟವನಿಗೆ ಯಾವ ವರ್ಷವೂ ಕಪ್ ಸಿಗಲಿಲ್ಲ, ಒದ್ದವನಿಗೇ ಸಿಕ್ಕಿತು ಅನ್ನುವುದು ಅವನ ವಾದ.

ಕೊನೆಗೆ ಇಬ್ಬರೂ ಕರಿಬಸವರಾಜನ ಕಡೆ ತಿರುಗುತ್ತಿದ್ದರು. ಮೇಜಿನಲ್ಲಿ ಕಪ್ ಗೆದ್ದವನು ಅವನೊಬ್ಬನೇ, ಆದ್ದರಿಂದ ತೀರ್ಪು ಅವನದು. ಅವನು ಹೇಳಿದ್ದಕ್ಕೆ ಎದುರಾಡುವಂತಿಲ್ಲ. ಅವನ ಮರ್ಯಾದೆಗೆ ಅಂತ ಐವತ್ತೊಂದನೇ ವರ್ಷವನ್ನು ಮಾತ್ರ ಅವರು ಯಾವತ್ತೂ ಚರ್ಚೆಗೆ ತೆಗೆದುಕೊಂಡಿರಲಿಲ್ಲ. ಹಾಗಾಗಿ ಹಿದಾಯತನ ಹೆಸರು ಬರುವ ದಾರಿಯೇ ಇರಲಿಲ್ಲ. ಕರಿಬಸವರಾಜನಿಗೆ ಅದು ಗೊತ್ತಿತ್ತು. ಯಾರಾದರೂ ಎತ್ತಲಿ, ಹೇಳೇಬಿಡ್ತೀನಿ ಅಂದುಕೊಳ್ಳುತ್ತಲೇ ಹದಿನಾಲ್ಕು ವರ್ಷ ಕಳೆದಿದ್ದ.

ಅರವತ್ತೈದರ ಮಾರ್ಚಿನಲ್ಲಿ ಒಂದು ಭಾನುವಾರ ಖುದ್ದೂಸ್ ಹೊಸಬರೊಬ್ಬರನ್ನು ಕರೆತಂದ. ಸಣ್ಣಬೀರಪ್ಪ ಅಂತ, ಹರಿಹರದ ಒಂದು ಶಾಲೆಯ ಡ್ರಿಲ್ ಮೇಷ್ಟ್ರು. ಇವರಿಗೂ ನಮ್ಮ ಹುಚ್ಚೇ, ಇನ್ನು ಮೇಲೆ ಪ್ರತಿ ವಾರ ಬರ್ತಾರೆ ಅಂತ ಪರಿಚಯ ಮಾಡಿಸಿದ. ಮೇಷ್ಟ್ರು ಸಾಧು ಮನುಷ್ಯ, ಮಾತು ಕಡಿಮೆ. ಇಬ್ಬರ ವಾದವನ್ನು ಅರ್ಧ ಗಂಟೆ ಕೇಳಿದ ಮೇಲೆ, ಮೇಜಿನ ಪದ್ಧತಿ ತಿಳಿಯದೆ ಐವತ್ತೊಂದರ ಮಾತು ತೆಗೆದರು. ಆ ವರ್ಷದ ಫೈನಲ್ಲಿನಲ್ಲಿ ತಾನು ಗೋಲಿನ ಹಿಂದೆ ಹಗ್ಗ ಹಿಡಿದು ಜನ ತಡೆಯುತ್ತಿದ್ದೆನೆಂದೂ, ಆಗ ತಾನು ಹೈಸ್ಕೂಲಿನಲ್ಲಿದ್ದೆನೆಂದೂ ಹೇಳಿದರು. ಬರಿಗಾಲಲ್ಲಿ ಕಾರ್ನರ್ ಒದ್ದವನೊಬ್ಬ ಇದ್ದ, ಹಿದಾಯತ್ ಅಂತ, ಈಗ ನಮ್ಮೂರಾಗೆ ಸೈಕಲ್ ಅಂಗಡಿ ಇಟ್ಟಾನೆ, ಬಸ್ಸಿಗೆ ಬರುವಾಗ ನನ್ನ ಸೈಕಲ್ ಅವನ ಹತ್ರಾನೇ ಬಿಟ್ಟು ಬರ್ತೀನಿ ಅಂದರು. ಅವನಿಗೆ ಆ ಗೋಲಿನ ವಿಷಯ ಕೇಳಿದರೆ ನಕ್ಕು ಸುಮ್ಮನಾಗ್ತಾನೆ ಅಂದರು.

ಆಮೇಲೆ ಕರಿಬಸವರಾಜನ ಮುಖ ನೋಡಿದರು.

“ತಪ್ಪು ತಿಳೀಬ್ಯಾಡ್ರಿ. ಆ ಚೆಂಡು ನಿಮ್ಮ ಹಣೆಗೆ ತಾಗಿತ್ತಾ?”

ಮಲ್ಲೇಶಪ್ಪ ತಟ್ಟೆ ಕೆಳಗಿಟ್ಟ. ಎಂಥ ಮಾತ್ರೀ ಮೇಷ್ಟ್ರೇ, ಯಾರ ಮುಂದೆ ಏನು ಕೇಳ್ತಿದೀರಿ ಅಂತ ಸಿಡಿದ. ಖುದ್ದೂಸ್ ಅವನ ತೋಳು ಹಿಡಿದು ಕೂರಿಸಿದ. ಕೇಳಿದ್ರೆ ಏನಾಯ್ತು, ಕರಿಬಸಣ್ಣಾರೇ ಅದಾರಲ್ಲ, ಹೇಳ್ತಾರೆ ಬಿಡು ಅಂದ. ಮೂವರೂ ಅವನ ಕಡೆ ನೋಡಿದರು.

ಕರಿಬಸವರಾಜ ಎದ್ದು ನಿಲ್ಲಬೇಕು ಅಂತ ಮೇಜಿಗೆ ಕೈ ಊರಿದ. ಹೇಳಬೇಕಾದ ಮಾತು ಬಾಯಲ್ಲಿ ಸಿದ್ಧವಾಗಿಯೇ ಇತ್ತು, ಎಷ್ಟು ರಾತ್ರಿ ಅದನ್ನು ಜೋಡಿಸಿ ಇಟ್ಟುಕೊಂಡಿದ್ದನೋ. ಆದರೆ ಅವನ ಕಣ್ಣಿಗೆ ಕಂಡದ್ದು ಮುಂದಿನ ಭಾನುವಾರ. ಮಲ್ಲೇಶಪ್ಪ ಪೇಪರಿನ ಹಿಂದೆ ಮುಖ ಮರೆಮಾಡುವುದು, ಖುದ್ದೂಸ್ ಬೇರೆ ಮೇಜು ಹುಡುಕುವುದು. ಆಮೇಲೆ ಎಲ್ಲ ವಾರವೂ ಆ ಕಿಟಕಿ, ಆ ಗೆರೆ, ಆ ಎರಡು ಕೋಣೆ. ತನಗಾದ ಮೋಸವಲ್ಲ, ತಾನೇ ಮಾಡಿದ ಮೋಸ. ಅಂಥವನು ಎಂಟು ವರ್ಷ ತೀರ್ಪು ಕೊಡುತ್ತ ಕೂತಿದ್ದನೇ ಅಂತ ಯಾರಾದರೂ ಕೇಳುತ್ತಾರೆ.

ಊರಿದ ಕೈಯನ್ನೇ ಮುಂದೆ ಚಾಚಿ ನೀರಿನ ಲೋಟ ತೆಗೆದುಕೊಂಡ.

“ತಾಗಿತ್ತು,” ಅಂದ.

ಮಲ್ಲೇಶಪ್ಪ ಗೆದ್ದವನ ಹಾಗೆ ಹಿಂದಕ್ಕೆ ಒರಗಿದ. ಮೇಷ್ಟ್ರು ಕೈ ಮುಗಿದು, ನನ್ನ ಕಣ್ಣೇ ತಪ್ಪಿರಬೇಕು ಬಿಡ್ರಿ, ಹುಡುಗ ಇದ್ದೆ ಆಗ ಅಂದರು. ಮಾತು ಮತ್ತೆ ಶಿವಮೊಗ್ಗದ ಗೋಲಿಯ ಬೆರಳಿಗೆ ಹೋಯಿತು. ಹಿದಾಯತ್ ಚಲೋ ಆಟಗಾರ ಅಂತ ಒಂದು ಮಾತು ಸೇರಿಸೋಣ ಅಂದುಕೊಂಡ ಕರಿಬಸವರಾಜ ಅದನ್ನೂ ಸೇರಿಸಲಿಲ್ಲ.

ಮುಂದಿನ ಭಾನುವಾರ ಅವನು ಹೋಟೆಲಿಗೆ ಹೋಗದೆ ಹರಿಹರದ ಬಸ್ಸು ಹತ್ತಿದ. ಅಂಗಡಿಯ ಮುಂದೆ, ಹಿಂದಿನ ಮಡ್‌ಗಾರ್ಡಿಗೆ ಸಣ್ಣಬೀರಪ್ಪ ಅಂತ ಬರೆದಿದ್ದ ಮೇಷ್ಟರ ಸೈಕಲ್ ಗೋಡೆಗೆ ಒರಗಿತ್ತು. ಹಿದಾಯತ್ ತಲೆಕೆಳಗಾದ ಇನ್ನೊಂದು ಸೈಕಲ್ಲಿನ ಗಾಲಿ ತಿರುಗಿಸುತ್ತ ಎಲ್ಲಿ ಸೊಟ್ಟಗಾಗಿದೆ ಅಂತ ನೋಡುತ್ತಿದ್ದ. ಬಾರೋ ಕೂಡು ಅಂದ. ಹೆಂಡತಿ ಶಹರ್‌ಬಾನು ಒಳಗಿನಿಂದ ಕೂಸು ಹೆಂಗೈತೆ ಅಣ್ಣಾ ಅಂತ ಕೇಳಿದಳು. ಚಹಾ ಬಂತು. ಹಿದಾಯತ್ ಹೊಳೆಯಲ್ಲಿ ನೀರು ಇಳಿದದ್ದನ್ನು ಹೇಳಿದ. ಟೈರಿನ ಕಂಪನಿಯವರು ಮಾಲು ಕೊಡದೆ ಸತಾಯಿಸುವುದನ್ನು ಹೇಳಿದ. ಕೊಟ್ರವ್ವ ಎಷ್ಟನೇ ಇಯತ್ತೆ ಅಂತ ವಿಚಾರಿಸಿದ. ಕಣ್ಣು ಕಿರಿದು ಮಾಡಲಿಲ್ಲ. ತನ್ನ ಹೆಸರು ಎತ್ತಿದರಾ ಅಂತ ಕೇಳಲಿಲ್ಲ. ಮೇಷ್ಟ್ರು ಹೋದ ವಾರವೇ ಬಂದು ಎಲ್ಲ ಹೇಳಿದ್ದಾರೆ ಅಂತ ಕರಿಬಸವರಾಜನಿಗೆ ಅರ್ಥವಾಯಿತು.

ಬಿಸಿಲು ಏರಿತ್ತು. ಬೆವರುತೀಯಲ್ಲೋ, ಒರೆಸ್ಕೋ ಅಂತ ಹಿದಾಯತ್ ಹೆಗಲ ಮೇಲಿನ ಟವೆಲ್ಲು ಕೊಟ್ಟ. ಕರಿಬಸವರಾಜ ಮುಖ ಒತ್ತಿ ಒರೆಸಿಕೊಂಡ. ಹಣೆಯ ಈಬತ್ತಿಯೆಲ್ಲ ಟವೆಲ್ಲಿಗೆ ಬಂತು. ಅದನ್ನು ಮಡಿಚಿ ಪಕ್ಕಕ್ಕಿಟ್ಟ. ಏನಾದರೂ ಹೇಳಲು ಅದೇ ಹೊತ್ತಾಗಿತ್ತು, ಅಂಗಡಿಯಲ್ಲಿ ಬೇರೆ ಗಿರಾಕಿಯೂ ಇರಲಿಲ್ಲ. ಮಗಳನ್ನು ಕಮಲಕ್ಕನ ಹತ್ತಿರ ಬಿಟ್ಟು ಬಂದೀನಿ, ಬರ್ತೀನಿ ಅಂದ. ಹ್ಞೂಂ, ಹೋಗಿ ಬಾ ಅಂತ ಹಿದಾಯತ್ ಗಾಲಿ ತಿರುಗಿಸಿದ.

ಆಮೇಲೆ ಕರಿಬಸವರಾಜ ಹರಿಹರಕ್ಕೆ ಹೋಗಲಿಲ್ಲ. ಭಾನುವಾರದ ಮೇಜು ಬಿಡಲಿಲ್ಲ. ಹಿದಾಯತನ ಹೆಸರನ್ನು ಒಬ್ಬರು ಎತ್ತಿದ್ದರು, ಇವನು ಎದ್ದು ನಿಂತು ಹೇಳಿರಲಿಲ್ಲ. ಸೇತುವೆಯ ಮೇಲೆ ಕೊಟ್ಟ ಮಾತು ತಪ್ಪಿದ.