ಹತ್ತೂಕಾಲರ ಗೀಟು

ನಿವೃತ್ತ ಸುಬೇದಾರ್ ಮೊಣ್ಣಯ್ಯನವರು ಇಪ್ಪತ್ತೆಂಟು ವರ್ಷ ಗಡಿಯಲ್ಲಿ ಯಾರಿಗೂ ಹೆದರಿದವರಲ್ಲ. ದಿಲ್ಲಿ ಪಕ್ಕದ ಫರೀದಾಬಾದಿನ ತಮ್ಮದೇ ಮನೆಯಲ್ಲಿ ಮಾತ್ರ ದಿನಾ ಬೆಳಿಗ್ಗೆ ಹತ್ತೂಕಾಲಿಗೆ ಕಳ್ಳನ ಹಾಗೆ ಮೆಟ್ಟಿಲು ಹತ್ತುತ್ತಿದ್ದರು. ಆ ಹೊತ್ತಿಗೆ ಹೆಂಡತಿ ಚಿಣ್ಣಮ್ಮ ವಿರಾಜಪೇಟೆಯ ತಂಗಿಗೆ ಫೋನು ಮಾಡುತ್ತಿದ್ದಳು. ಆ ಫೋನು ಅರ್ಧ ಗಂಟೆಗೆ ಮೊದಲು ಮುಗಿದ ಚರಿತ್ರೆಯಿಲ್ಲ. ಇವರು ತಾರಸಿಯ ನೀರಿನ ಟ್ಯಾಂಕಿನ ಹಿಂದೆ ನಿಂತು ಒಂದು ಸಿಗರೇಟು ಸೇದಿ, ಬಾಯಿಗೆ ಲವಂಗ ಹಾಕಿಕೊಂಡು, ಗಿಡಗಳಿಗೆ ನೀರು ಹಾಕಿ ಬಂದವರ ಮುಖ ಹೊತ್ತು ಇಳಿಯುತ್ತಿದ್ದರು.

ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಾಗ, ಇನ್ನು ಮುಟ್ಟುವುದಿಲ್ಲ ಎಂದು ಅವರು ಕಾವೇರಮ್ಮನ ಮೇಲೆ ಆಣೆ ಇಟ್ಟಿದ್ದರು. ಕೊಡವರಿಗೆ ಆ ಆಣೆ ಬಾಯಿಮಾತಲ್ಲ. ಮುರಿದದ್ದು ಗೊತ್ತಾದರೆ ಚಿಣ್ಣಮ್ಮ ಬೈಯುತ್ತಿರಲಿಲ್ಲ, ಮಾತೇ ಬಿಟ್ಟುಬಿಡುತ್ತಿದ್ದಳು. ಮೊಣ್ಣಯ್ಯನವರಿಗೆ ಭಯವಿದ್ದದ್ದು ಅದಕ್ಕೇ. ಆದರೂ ದಿಲ್ಲಿಯ ಕಡೆಯವರಿಗಷ್ಟೇ ಹೊಳೆಯಬಹುದಾದ ಒಂದು ವಾದ ಅವರ ಬಳಿಯಿತ್ತು: ದಿನಕ್ಕೆ ಹತ್ತು ಸಿಗರೇಟಿನಷ್ಟು ಹೊಗೆ ಎಲ್ಲರ ಮೂಗಿಗೂ ಪುಕ್ಕಟೆಯಾಗಿ ಬರುವ ಊರಿನಲ್ಲಿ ಹನ್ನೊಂದನೆಯದನ್ನು ಕೇಳುವವರು ಯಾರು? ಆದರೆ ಒಂದು ಎರಡಾಗಬಾರದು. ಅದಕ್ಕಾಗಿ ಫೌಜಿನ ಅಭ್ಯಾಸದಂತೆ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ತಾರೀಖು, ಹಚ್ಚಿದ ಹೊತ್ತು, ಆರಿಸಿದ ಹೊತ್ತು ಬರೆದಿಡುತ್ತಿದ್ದರು. ಸೇದದ ದಿನದ ಮುಂದೆ 'ಇಲ್ಲ' ಎಂದಿರುತ್ತಿತ್ತು.

ಕೇಳುವವರು ಅದೇ ತಾರಸಿಯ ಮೇಲೆ ಕೂತಿದ್ದರು. ತಾರಸಿಯ ಒಂಟಿ ಕೋಣೆ, ಇಲ್ಲಿನವರ ಬಾಯಲ್ಲಿ ಬರ್ಸಾತಿ, ಅದನ್ನು ಒಂದು ಸಂಶೋಧನಾ ಸಂಸ್ಥೆ ಬಾಡಿಗೆಗೆ ಹಿಡಿದು ಗಾಳಿಯ ಕಣ ಎಣಿಸುವ ಯಂತ್ರ ಇಟ್ಟಿತ್ತು. ಅದನ್ನು ನೋಡಿಕೊಳ್ಳಲು ಬರುತ್ತಿದ್ದವಳು ಚಿತ್ರದುರ್ಗದ ಅದಿತಿ. ಸೂರಿನಿಂದ ಮೇಲೆದ್ದ ಕೊಳವೆ ಗಾಳಿಯನ್ನು ಎಳೆದುಕೊಳ್ಳುತ್ತದೆ. ಯಂತ್ರ ಕಣಗಳನ್ನು ಗಾತ್ರದ ಪ್ರಕಾರ ವಿಂಗಡಿಸಿ, ಐದೈದು ನಿಮಿಷಕ್ಕೆ ಎಣಿಸಿ, ಪರದೆಯ ಮೇಲೆ ಬಣ್ಣ ಹಚ್ಚುತ್ತದೆ. ಕೆಳಗೆ ಸಣ್ಣವು, ಮೇಲೆ ದೊಡ್ಡವು. ಹೆಚ್ಚಿದ್ದಲ್ಲಿ ಕೆಂಪು, ಕಡಿಮೆಯಿದ್ದಲ್ಲಿ ನೀಲಿ.

"ಹೊಗೆ, ಧೂಳು ಎಲ್ಲರಿಗೂ ಗೊತ್ತು ಅಂಕಲ್," ಎಂದಿದ್ದಳು ಅದಿತಿ ಮೊದಲ ದಿನವೇ. "ನಾನು ಕಾಯ್ತಿರೋದು ಅದಲ್ಲ. ಯಾರೂ ಏನೂ ಸುಡದೆ, ಗಾಳಿಯಲ್ಲಿರೋ ಆವಿಗಳೇ ಬಿಸಿಲಿಗೆ ಒಂದಕ್ಕೊಂದು ಅಂಟಿಕೊಂಡು ಹೊಸ ಕಣ ಹುಟ್ಟುತ್ತೆ. ಹುಟ್ಟಿದ್ದರಲ್ಲಿ ಎಷ್ಟೋ ಹೋಗ್ತವೆ. ಉಳಿದದ್ದು ಬೆಳೆದು ಒಂದು ದಿನ ಮೋಡದ ಹನಿಗೆ ಬೀಜ ಆಗುತ್ತೆ. ಆ ಹುಟ್ಟನ್ನ ಶುರುವಿನಿಂದ ಹಿಡೀಬೇಕು."

ಒಂದು ಚಳಿಗಾಲ ಪೂರ್ತಿ ಕಾದಳು. ಸಿಕ್ಕಿದ್ದು ಬೇರೆಯೇ. ಹತ್ತೂಕಾಲಿಗೆ, ಬಂದಾಗಲೆಲ್ಲ ಹತ್ತೂಕಾಲಿಗೇ, ಪರದೆಯ ಮೇಲ್ಭಾಗದಲ್ಲಿ ಊದುಬತ್ತಿಯಂತೆ ನೆಟ್ಟಗೊಂದು ಕೆಂಪು ಗೀಟು. ಅದಿತಿಯ ಮಾರ್ಗದರ್ಶಕ ಇಂದುಶೇಖರ ಸರ್ ಬಲು ಕಟ್ಟುನಿಟ್ಟಿನ ಮನುಷ್ಯ. ಗೀಟಿನ ಮೂಲ ಸಿಗುವವರೆಗೆ ಪ್ರತಿದಿನ ಹತ್ತರಿಂದ ಹನ್ನೊಂದರ ಲೆಕ್ಕವನ್ನು ಹೊಡೆದುಹಾಕಬೇಕೆಂದು ಅಪ್ಪಣೆ ಮಾಡಿದರು.

"ಯಾರೋ ಹತ್ತಿರದಲ್ಲೇ ಏನೋ ಸುಡ್ತಿದಾರೆ ಅಂಕಲ್," ಎಂದಳು ಅದಿತಿ, ಗೀಟು ತೋರಿಸಿ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೊಣ್ಣಯ್ಯನವರ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಆದರೆ ಬಾಯಿ ಬೇರೆಯೇ ಆಡಿತು. "ನಾನು ಹುಡುಕ್ತೀನಿ ಬಿಡಮ್ಮ," ಎಂದುಬಿಟ್ಟರು.

ಹುಡುಕಿದ್ದೂ ಹುಡುಕಿದ್ದೇ! ಇಸ್ತ್ರಿ ಮಾಡುವ ಭಯ್ಯಾನ ಇದ್ದಿಲನ್ನು ಕೆದಕಿ ನೋಡಿದರು, ಎದುರುಮನೆಯವರ ಹೋಮದ ಹೊತ್ತು ವಿಚಾರಿಸಿದರು, ಹಾಲಿನ ಟೆಂಪೋದವನಿಗೆ ಎಂಜಿನ್ ಆರಿಸು ಎಂದು ಜಬರಿಸಿದರು. ತಮ್ಮ ಸಿಗರೇಟನ್ನು ಟ್ಯಾಂಕಿನ ಆ ಬದಿಗೆ, ಈ ಬದಿಗೆ, ಗೋಡೆಯ ಮೂಲೆಗೆ ಒಯ್ದರು. ಗೀಟು ಎಲ್ಲಿ ಹೋದರೂ ಬಿಡಲಿಲ್ಲ. ಇಡೀ ದಿಲ್ಲಿಯ ಹೊಗೆಯ ನಡುವೆ ತಮ್ಮದೊಂದು ಸಿಗರೇಟನ್ನು ಹೆಕ್ಕಿ ತೆಗೆಯುವ ಯಂತ್ರದ ಮೇಲೆ ಅವರಿಗೆ ಸಿಟ್ಟು ಬಂತು. ಸಿಟ್ಟಿನ ಅಡಿಯಲ್ಲಿ ಗೌರವವೂ ಇತ್ತು.

ಮಾರ್ಚ್ ಇಪ್ಪತ್ತೊಂದರ ಮುಂಜಾನೆ ಮಳೆ ಬಿದ್ದು ನಿಂತಿತು. ಎಂಟರ ಹೊತ್ತಿಗೆ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಚಳಿಗಾಲ ಮುಗಿಯಿತು, ರಜಾಯಿ ಒಣಗಿಸಿ ಒಳಗಿಡಬೇಕು ಎಂದು ಚಿಣ್ಣಮ್ಮ ತಂಗಿಯ ಫೋನನ್ನೂ ಬಿಟ್ಟು ತಾರಸಿ ಹತ್ತಿದಳು. ಮೊಣ್ಣಯ್ಯನವರಿಗೆ ಸೇದುವ ದಾರಿ ಮುಚ್ಚಿತು. ಬೇರೆ ಕೆಲಸ ಕಾಣದೆ ಬರ್ಸಾತಿಗೆ ಹೋಗಿ ಅದಿತಿಯ ಪಕ್ಕ ಸ್ಟೂಲಿನ ಮೇಲೆ ಕೂತರು.

ಹತ್ತೂ ಇಪ್ಪತ್ತಕ್ಕೆ ಪರದೆಯ ತಳ, ಅಷ್ಟು ದಿನವೂ ಬರೀ ನೀಲಿಯಿದ್ದ ತಳ, ಹಸಿರಾಯಿತು. ಐದು ನಿಮಿಷಕ್ಕೆ ಹಳದಿ. ಮತ್ತೈದು ನಿಮಿಷಕ್ಕೆ ಕೆಂಪು. ಅದಿತಿ ಪರದೆಗೆ ಮೂಗು ತಾಗುವಷ್ಟು ಮುಂದೆ ಬಾಗಿದಳು.

"ಇದೇನಾ?" ಎಂದರು ಮೊಣ್ಣಯ್ಯನವರು, ಪಿಸುದನಿಯಲ್ಲಿ.

"ಇದೇ ಅಂಕಲ್. ಬೆರಳ ತುದಿಯಷ್ಟು ಗಾಳಿಯಲ್ಲಿ ಈಗ ಐವತ್ತು ಸಾವಿರ ಇವೆ. ಒಂದು ಕೂದಲಿನ ಅಡ್ಡಕ್ಕೆ ಸಾಲಾಗಿ ನಿಲ್ಲಿಸಿದರೆ ಹತ್ತು ಸಾವಿರ ನಿಲ್ತವೆ. ಅರ್ಧ ಗಂಟೆ ಹಿಂದೆ ಇವು ಇರಲೇ ಇಲ್ಲ."

ಮೊಣ್ಣಯ್ಯನವರು ಕಿಟಕಿಯಾಚೆ ನೋಡಿದರು. ಅದೇ ಬಿಸಿಲು, ಅದೇ ಕಾರ್ಖಾನೆಗಳ ಸೂರು, ರಜಾಯಿ ಕೊಡವುತ್ತಿದ್ದ ಚಿಣ್ಣಮ್ಮ. ಅವಳ ಸುತ್ತ, ಈ ಊರಿನ ಉದ್ದಗಲಕ್ಕೂ, ಸದ್ದಿಲ್ಲದೆ ಕೋಟಿ ಕೋಟಿ ಹುಟ್ಟುತ್ತಿವೆ. ಚಿಕ್ಕಂದಿನಲ್ಲಿ ಅಪ್ಪನ ಹೆಗಲೇರಿ ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ಕಾದದ್ದು ನೆನಪಾಯಿತು. ಹೇಳಿದ ಗಳಿಗೆಗೆ ಕಾವೇರಿ ಹುಟ್ಟುವ ಕುಂಡಿಕೆಯಲ್ಲಿ ನೀರು ಉಕ್ಕಿದಾಗ ಸಾವಿರ ಜನ ಒಟ್ಟಿಗೆ 'ಬಂತು' ಎಂದಿದ್ದರು. ಸಂಜೆಯವರೆಗೆ ಕೂತು ನೋಡಿದರು. ಕೆಂಪು ಮೆಲ್ಲಗೆ ಬಾಗಿ ಮೇಲೇರಿ ಬಾಳೆಹಣ್ಣಿನ ಆಕಾರ ತಾಳಿತು. ಹುಟ್ಟಿದ್ದು ಬೆಳೆಯುತ್ತಿತ್ತು.

ಆದರೆ ಸಂಜೆ ಫೋನಿಟ್ಟಾಗ ಅದಿತಿಯ ಮುಖ ಬಾಡಿತ್ತು. "ಸರ್ ಒಪ್ಪಲ್ಲ ಅಂಕಲ್. ಹುಟ್ಟಿದ್ದು ಹತ್ತರಿಂದ ಹನ್ನೊಂದರೊಳಗೆ. ಆ ಹೊತ್ತಿನದನ್ನ ಯಾವುದನ್ನೂ ನಂಬೋ ಹಾಗಿಲ್ಲ, ಹುಟ್ಟಿಲ್ಲದೆ ಬರೀ ಬೆಳೆದದ್ದು ತೋರಿಸಿದರೆ ಬೇರೆ ಕಡೆಯಿಂದ ತೇಲಿ ಬಂತು ಅಂತಾರೆ. ಮೂವತ್ತೊಂದಕ್ಕೆ ಯಂತ್ರ ಬೇರೆ ಊರಿಗೆ ಹೋಗುತ್ತೆ."

ಚಿಣ್ಣಮ್ಮ ಆಗ ತಾನೇ ಒಣಗಿದ ರಜಾಯಿಗಳನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳು ಕೆಳಗಿಳಿಯಲಿ, ಆಮೇಲೆ ಗುಟ್ಟಾಗಿ ಹೇಳಿದರಾಯಿತು ಎಂದು ಮೊಣ್ಣಯ್ಯನವರ ಮನಸ್ಸು ಒಂದು ಗಳಿಗೆ ಲೆಕ್ಕ ಹಾಕಿತು. ಆ ಲೆಕ್ಕಕ್ಕೆ ಅವರಿಗೇ ನಾಚಿಕೆಯಾಯಿತು. ಅಷ್ಟು ಸಣ್ಣ ಕಣವೇ ಬಂದು ಮುಖ ತೋರಿಸಿತ್ತು. ಆರಡಿಯ ಮನುಷ್ಯ ತಾನು ಟ್ಯಾಂಕಿನ ಹಿಂದೆ ನಿಲ್ಲುವುದೇ? ಜೇಬಿನಿಂದ ನೋಟ್‌ಬುಕ್ ತೆಗೆದು ಅದಿತಿಯ ಮುಂದಿಟ್ಟರು.

"ಆ ಗೀಟು ನಾನಮ್ಮ. ದಿನಾ ಸೇದ್ತಿದ್ದೆ. ನಿಮಿಷ ಸಮೇತ ಇದರಲ್ಲಿದೆ. ಇವತ್ತಿನದು ನೋಡು. 'ಇಲ್ಲ.'"

ಅದಿತಿ ಒಂದೊಂದೇ ದಿನ ತೆಗೆದು ತಾಳೆ ನೋಡಿದಳು. ಬರೆದ ದಿನವೆಲ್ಲ ಗೀಟು, ಬರೆದ ನಿಮಿಷಕ್ಕೇ. 'ಇಲ್ಲ' ಎಂದ ಹದಿನಾಲ್ಕು ದಿನ ಗೀಟೂ ಇಲ್ಲ. ಪುಟಗಳ ಫೋಟೋ ಸರ್‌ಗೆ ಹೋಯಿತು. ಅರ್ಧ ಗಂಟೆಗೆ ಉತ್ತರ ಬಂತು: ಮೂಲ ಸಿಕ್ಕಿತು, ಇಂದಿನ ಹುಟ್ಟು ಲೆಕ್ಕಕ್ಕೆ ಸೇರಲಿ. ಅದಿತಿ ಅಳುತ್ತ ನಕ್ಕಳು.

ಚಿಣ್ಣಮ್ಮ ನಗಲಿಲ್ಲ, ಅಳಲಿಲ್ಲ. ನೋಟ್‌ಬುಕ್ ತೆಗೆದುಕೊಂಡು ರಜಾಯಿಗಳ ಜೊತೆ ಕೆಳಗಿಳಿದಳು. ಆ ರಾತ್ರಿಯ ಊಟಕ್ಕೂ ಮರುದಿನದ ಕಾಫಿಗೂ ಮಾತಿರಲಿಲ್ಲ. ಮೊಣ್ಣಯ್ಯನವರು ಕಾಫಿಯನ್ನು ಔಷಧಿಯಂತೆ ಕುಡಿದರು.

ಹತ್ತೂಕಾಲಿಗೆ ಅವರು ಖಾಲಿ ಕೈಯಲ್ಲಿ ಬರ್ಸಾತಿಯಲ್ಲಿ ಕೂತಿದ್ದಾಗ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಚಿಣ್ಣಮ್ಮ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದಳು. ಅಲ್ಲಿ ಚಪ್ಪಲಿ ಬಿಡುವ ಪದ್ಧತಿ ಯಾರಿಗೂ ಇರಲಿಲ್ಲ.

"ಆಣೆ ನನ್ನ ಮೇಲೆ ಇಟ್ಟದ್ದಲ್ಲ. ಅಕ್ಟೋಬರಿಗೆ ತಲಕಾವೇರಿಗೆ ಹೋಗೋಣ, ತಪ್ಪಾಯ್ತು ಅಂತ ಅವಳಿಗೇ ಹೇಳಿ," ಎಂದಳು. ಸ್ಟೂಲು ಎಳೆದು ಗಂಡನ ಪಕ್ಕ ಕೂತಳು. "ಎಲ್ಲಿ, ನಂಗೂ ತೋರಿಸಿ."

ಮೂವರೂ ಕಾದರು. ಹತ್ತೂವರೆಗೆ ತಳ ಹಸಿರಾಯಿತು, ಹಳದಿಯಾಯಿತು, ಕೆಂಪಾಯಿತು. ಚಿಣ್ಣಮ್ಮ ಉಸಿರು ಬಿಗಿಹಿಡಿದು ನೋಡಿದಳು. ಆಮೇಲೆ ಮಡಿಲಿನಿಂದ ನೋಟ್‌ಬುಕ್ ತೆಗೆದು ಗಂಡನ ಕೈಗಿಟ್ಟಳು. ಮೊಣ್ಣಯ್ಯನವರು ತಾರೀಖು ಬರೆದು ಅದರ ಮುಂದೆ 'ಇಲ್ಲ' ಎಂದು ಬರೆದರು. ಅವರ ಕೈಯಿಂದ ಪೆನ್ನು ತೆಗೆದುಕೊಂಡು, ಅದರ ಪಕ್ಕದಲ್ಲೇ ಚಿಣ್ಣಮ್ಮ 'ಬಂತು' ಎಂದು ಬರೆದಳು.