ಮೊದಲು ಸೂಜಿ, ಆಮೇಲೆ ನಡಿಗೆ

"ಎದ್ದೇಳ್ರಲೇ! ಹೆಣಾ ಕುಂತಂಗ ಕುಂತೀರಲ್ಲ. ಕುಂತು ಕುಂತು ನಿಮ್ಮ ರಕ್ತ ನೀರಾಗೇತಿ!"

ಮೈಕು ಹಿಡಿದು ಬೈಯುತ್ತಿದ್ದವನು ಕಲ್ಲಯ್ಯ ಶೇಟ. ಸಾಂಗ್ಲಿಯ ಅರಿಷಿಣ ಪೇಟೆಯ ದಲಾಲ, ಇವತ್ತಿನ ಆರೋಗ್ಯ ನಡಿಗೆಯ ಶಿಬಿರಕ್ಕೆ ಮುಖ್ಯ ಅತಿಥಿ. ಮಿರಜಿನ ಮಂಗಲ ಕಾರ್ಯಾಲಯದ ಮದುವೆ ಹಾಲಿನಲ್ಲಿ ಅವನೆದುರು ಕೂತಿದ್ದ ಇಪ್ಪತ್ತು ಮಂದಿಯೂ ಹಿಮೋಫಿಲಿಯಾದವರು. ನಮ್ಮ ರಕ್ತ ನೀರಾಗಿಲ್ಲ, ಹೆಪ್ಪುಗಟ್ಟುವುದಿಲ್ಲ, ಅಷ್ಟೆ. ಪೆಟ್ಟು ಬಿದ್ದರೆ ಕೀಲಿನೊಳಗೇ ಸೋರುತ್ತಿರುತ್ತದೆ. ಅದನ್ನು ನಿಲ್ಲಿಸುವ ಔಷಧಿ ಮೂಲೆಯ ಥರ್ಮಾಕೋಲ್ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆಯ ಮೇಲೂ ಶೇಟನದೇ ಫೋಟೋ, ಅವನ ಮೈಯಿಂದಲೇ ಹಿಂಡಿ ತೆಗೆದ ಔಷಧಿಯೆಂಬಂತೆ.

ಕಾಂಚನ ಸಿಸ್ಟರ್ ಫಾರ್ಮ್ ಹಿಡಿದು ನನ್ನ ಬಳಿ ಬಂದಳು.

"ಹೆಸರು ಸುಶಾಂತ, ಇಪ್ಪತ್ತಾರು. ವ್ಯಾಯಾಮ ಏನ ಮಾಡ್ತೀರಿ? ಈಜು? ಸೈಕಲ್? ಜಿಮ್?"

"ಅರಿಷಿಣದ ಚೀಲ ಹೊರತೀನ್ರಿ. ಐವತ್ತ ಕಿಲೋದ್ದು. ದಿನಾ ಎಂಬತ್ತು."

"ಅದು ಇದರಾಗ ಇಲ್ಲ."

'ವ್ಯಾಯಾಮ ಇಲ್ಲ' ಎಂಬಲ್ಲಿ ಗುರುತು ಹಾಕಿದಳು.

ಪಕ್ಕದಲ್ಲಿದ್ದ ಪಾರಿಸ ಕಿಸಕ್ಕನೆ ನಕ್ಕ. ಮಾಲಗಾಂವದವನು, ದ್ರಾಕ್ಷಿ ತೋಟದ ಕೂಲಿ, ನನ್ನದೇ ರೋಗದವನು. "ನಂದೂ ಹಂಗ ಬರಕೋರಿ ಸಿಸ್ಟರ್. ಮುಂಜಾನಿ ಆರಕ್ಕ ಎಣ್ಣಿ ಹೊಡಿಯೂ ಪಂಪ್ ಬೆನ್ನಿಗೆ ಹಾಕ್ಕೊಂಡು ತೋಟದಾಗ ಮಲಗಾಕ ಹೋಗ್ತೀನಿ."

ನನಗೆ ನಗು ಬರಲಿಲ್ಲ. ನಿನ್ನೆ ಚೀಲ ಜಾರಿ ಬಲ ಮೊಣಕಾಲಿಗೆ ಬಡಿದಿತ್ತು. ಈಗ ಊದಿ, ಬಿಗಿದು, ಹಂಚಿನಂತೆ ಕಾಯುತ್ತಿತ್ತು. ಹಿಂದೆ ಒಮ್ಮೆ ಹೀಗೇ ತಡವಾಗಿ ಎಡ ಮೊಣಕೈ ಮಡಿಸಿದಲ್ಲೇ ನಿಂತುಬಿಟ್ಟಿದೆ. ಮೊಣಕಾಲೂ ಹಾಗಾದರೆ ಮುಂದೆ ಹೊರುವುದೇನು, ನಡೆಯುವುದೂ ಇಲ್ಲ.

"ಮೊದಲ ಇಂಜೆಕ್ಷನ್ ಕೊಡ್ರಿ ಸಿಸ್ಟರ್. ಒಳಗ ರಕ್ತ ಹರಿಯಾಕತ್ತೈತಿ."

"ಮೊದಲ ಎರಡ ಕಿಲೋಮೀಟರ್ ನಡಿಗಿ, ಫೋಟೋ, ಆಮ್ಯಾಲೆ ಇಂಜೆಕ್ಷನ್. ಮೊದಲ ಕೊಟ್ರ ತಗೊಂಡು ಓಡಿಹೋಗ್ತೀರಂತ. ಶೇಟ ಹೇಳ್ಯಾರ."

"ಊದಿದ ಕಾಲು ನಡಸಬಾರದು. ನಿಮಗ ಗೊತ್ತಿಲ್ಲೇನ್ರಿ?"

ಗೊತ್ತಿತ್ತು. ಅದಕ್ಕೇ ಶೇಟನ ಮುಖ ನೋಡಿದಳು. ಅವನು ಹಸಿರು ಬಾವುಟ ಹಿಡಿದು ವೇದಿಕೆ ಇಳಿದು ಬಂದ.

"ಏ, ನೀ ನನ್ನ ಗೋದಾಮಿನ ಹಮಾಲ ಅಲ್ಲೇನೋ ಭಾಡ್ಯಾ? ರೋಗ ಮುಚ್ಚಿಟ್ಟು ನನ್ನ ಮಾಲ ಮುಟ್ಟಿದಿ?"

"ಅರಿಷಿಣಕ್ಕೇನ ರೋಗ ಅಂಟಿಲ್ಲರಿ ಶೇಟ."

"ನಿನ್ನಿ ಚೀಲ ಹೊರಾಕ ಬರತಿತ್ತು, ಇವತ್ತ ನಡ್ಯಾಕ ಬರೂದಿಲ್ಲ? ಸೋಂಗ ಮಾಡ್ತೀಯೇನಲೇ? ಏಳ! ನಡೀದಿದ್ರ ನಾಳಿಂದ ಗೋದಾಮಿನ ಕಡೆ ಮುಖ ಹಾಕಬ್ಯಾಡ."

"ಚಲಾ ಶೇಟ, ಮುಂದ ನೀವ ನಡೀರಿ," ಎಂದ ಪಾರಿಸ. "ನಿಮಗಿಂತ ಮೊದಲ ನಿಮ್ಮ ಹೊಟ್ಟಿ ಹೋಗಿ ಮುಟ್ಟತೈತಿ."

ಯಾರೋ ನಕ್ಕರು. ನಾನು ಒಂಟಿ ಕಾಲಲ್ಲಿ ಎದ್ದೆ. ಶೇಟ ಫೋಟೋದವನಿಗೆ ಸನ್ನೆ ಮಾಡಿದ. ನಾನು ಕುಪ್ಪಳಿಸಿದ್ದು ಬಾಗಿಲಿಗಲ್ಲ, ಪೆಟ್ಟಿಗೆಯ ಕಡೆಗೆ. ಮುಚ್ಚಳ ಕಿತ್ತು ಸೀಸೆ ತೆಗೆದೆ. ಅದರೊಳಗಿನ ಔಷಧಿ ಪುಡಿಗೆ ಜೊತೆಗಿದ್ದ ನೀರು ಸೇರಿಸಿ ಅಂಗೈಗಳ ನಡುವೆ ಬತ್ತಿ ಹೊಸೆದಂತೆ ಹೊಸೆದೆ; ಕುಲುಕಿದರೆ ನೊರೆ ಬಂದು ಕೆಡುತ್ತದೆ. ಆಸ್ಪತ್ರೆಯವರೇ ಹಿಂದೆ ಕಲಿಸಿದ್ದರು.

"ಕಳವು ಮಾಡಾಕತ್ತಾನ, ಹಿಡೀರ್ಯೋ ಆ ಸೂಳೆಮಗನ್ನ!" ಶೇಟ ಕೂಗಿದ.

ಯಾರೂ ಹಿಡಿಯಲಿಲ್ಲ. ಔಷಧಿಯನ್ನು ಸಿರಿಂಜಿಗೆ ಎಳೆದುಕೊಂಡೆ. ಪಾರಿಸ ತನ್ನ ಟವೆಲ್ಲು ಬಿಚ್ಚಿ ನನ್ನ ತೋಳಿಗೆ ಬಿಗಿದ. ಎಡ ಮುಂಗೈಯ ನರಕ್ಕೆ ಸೂಜಿ ಚುಚ್ಚಿದೆ. ನಳಿಕೆಯಲ್ಲಿ ಕೆಂಪು ಕಂಡಿತು, ನರ ಸಿಕ್ಕಿತ್ತು. ಪಾರಿಸ ಟವೆಲ್ಲು ಸಡಿಲಿಸಿದ.

"ನಿಧಾನ," ಎಂದಳು ಕಾಂಚನ ಸಿಸ್ಟರ್, ಬಲು ಮೆಲ್ಲಗೆ. "ನಿಧಾನ ಒತ್ರಿ." ಫಾರ್ಮುಗಳನ್ನು ನೆಲಕ್ಕಿಟ್ಟು ಇನ್ನೊಂದು ಸೀಸೆ ತೆರೆದಳು. ಪಾರಿಸ ಅಂಗಿಯ ತೋಳು ಮಡಿಸಿ ಕೈ ಚಾಚಿದ. ಅವನ ಹಿಂದೆ ಒಬ್ಬೊಬ್ಬರೇ ಬಂದು ನಿಂತರು.

ಶೇಟ ಮತ್ತೆ ಮೈಕು ಹಿಡಿದು, ಊರಿಗೆಲ್ಲ ಕೇಳುವಂತೆ ಹೆಸರು ಕೂಗಿ ನನ್ನನ್ನು ಕೆಲಸದಿಂದ ತೆಗೆದ. ಕೊನೆಯ ಹನಿ ಒಳಗೆ ಇಳಿಯುವವರೆಗೆ ನಾನು ಹೆಬ್ಬೆರಳು ಎತ್ತಲಿಲ್ಲ.